ಹಿಡಿಯಿಲ್ಲದ ಕ್ಯಾರಿಯರ್

ನಾನು ಅಚ್ಚು ಹಾಕಿದ್ದನ್ನು ಯಾರೂ ಓದುವುದಿಲ್ಲ ಎಂಬುದು ನನಗೆ ಮೊದಲಿನಿಂದಲೂ ಗೊತ್ತು. ರಾಜಾಜಿನಗರದಲ್ಲಿ ನನ್ನದೊಂದು ಸಣ್ಣ ಪ್ರೆಸ್ಸಿದೆ. ಮದುವೆ ಕಾರ್ಡು, ಬಿಲ್ ಪುಸ್ತಕಗಳ ಜೊತೆಗೆ ಬಸವೇಶ್ವರನಗರದ ನೆರೆಮನೆ ಪತ್ತಿನ ಸಹಕಾರ ಸಂಘದ ವಾರ್ಷಿಕ ವರದಿಯನ್ನೂ ಪ್ರತಿವರ್ಷ ನಾನೇ ಅಚ್ಚು ಹಾಕುತ್ತೇನೆ. ದಪ್ಪ ಕಾಗದ, ಮೇಲೆ ನಿರ್ದೇಶಕರ ಬಣ್ಣದ ಫೋಟೋ, ಒಳಗೆಲ್ಲ ಅಂಕಿಅಂಶ. ಸದಸ್ಯರು ಅದನ್ನು ಮನೆಗೆ ಒಯ್ದು ಅಡುಗೆಮನೆಯ ಶೆಲ್ಫಿಗೆ ಹಾಸುತ್ತಾರೆ. ನಾನೂ ಅದೇ ಸಂಘದ ಸದಸ್ಯ, ನಮ್ಮ ಮನೆಯ ಶೆಲ್ಫಿನಲ್ಲೂ ಅದೇ ಇದೆ. ಆದ್ದರಿಂದ ದೂರುವ ಹಾಗಿಲ್ಲ.

ಈಗ ಹೇಳಹೊರಟಿರುವುದು ಆ ಸಂಘದ ಮುಖ್ಯ ಕಾರ್ಯನಿರ್ವಾಹಕಿ ಸೌಮ್ಯಶ್ರೀ ಅವರ ವಿಷಯ. ಅಷ್ಟುದ್ದದ ಹುದ್ದೆಯ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲವಾದ್ದರಿಂದ ಎಲ್ಲರೂ ಸೆಕ್ರೆಟರಿ ಮೇಡಂ ಅನ್ನುತ್ತಾರೆ. ಲಗ್ಗೆರೆಯಿಂದ ಸ್ಕೂಟರಿನಲ್ಲಿ ಬರುತ್ತಾರೆ. ಹೆಲ್ಮೆಟ್ ತೆಗೆಯುವುದರೊಳಗೆ ಯಾರಿಗಾದರೂ ಒಂದು ಕೆಲಸ ಹೇಳಿ ಆಗಿರುತ್ತದೆ. ನನ್ನ ಪ್ರೂಫಿನಲ್ಲಿ ಅಲ್ಪವಿರಾಮ ಬಿಟ್ಟುಹೋಗಿದ್ದರೂ ಫೋನ್ ಮಾಡಿ ಕರೆಸುವ ಹೆಂಗಸು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ, ಈ ಊರಿನಲ್ಲಿ ನನ್ನ ಕೆಲಸವನ್ನು ಪೂರ್ತಿ ಓದುವವರು ಇವರೊಬ್ಬರಾದರೂ ಇದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅವರು ಹುಟ್ಟಿದ್ದು ಹರಿಹರದಲ್ಲಿ. ತಂದೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕೆಲಸಗಾರರೆಲ್ಲ ಸೇರಿ ಮಾಡಿಕೊಂಡಿದ್ದ ಸೊಸೈಟಿಯೊಂದರಲ್ಲಿ ಅಪ್ಪ ಸಂಬಳದಲ್ಲಿ ಉಳಿದದ್ದನ್ನು ಇಡುತ್ತಿದ್ದರು. ಕಾರ್ಖಾನೆ ಕುಂಟತೊಡಗಿದ ವರ್ಷ ಒಂದು ಬೆಳಗ್ಗೆ ಆ ಸೊಸೈಟಿಯ ಶಟರ್ ಮೇಲೇಳಲಿಲ್ಲ. ಅಪ್ಪ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ದಿನಾ ಹೋಗಿ ಅದರ ಮುಂದೆ ನಿಂತು ಬರುತ್ತಿದ್ದರಂತೆ. ದುಡ್ಡು ಹೋದದ್ದನ್ನು ಅವರು ಹೇಗೋ ನುಂಗಿಕೊಂಡರು. ಆದರೆ ಒಳಗಿದ್ದವರಲ್ಲಿ ಒಬ್ಬರಾದರೂ ಹೊರಗೆ ಬಂದು ಹೀಗಾಯಿತಪ್ಪ ಎಂದು ಒಂದು ಮಾತು ಹೇಳಲಿಲ್ಲವಲ್ಲ ಎಂಬ ಸಂಕಟ ಇವತ್ತಿಗೂ ಅವರಿಗಿದೆ. ಇದನ್ನೆಲ್ಲ ಸೌಮ್ಯಶ್ರೀ ನನಗೆ ಹೇಳಿದ್ದು ಪ್ರೂಫ್ ತಿದ್ದುತ್ತಾ, ತಲೆಯೆತ್ತದೆ.

ಮದುವೆಯಾಗಿ ಬೆಂಗಳೂರಿಗೆ ಬಂದರು. ಗಂಡನಿಗೆ ಪೀಣ್ಯದ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಸಂಘಕ್ಕೆ ಇವರು ಸೇರಿದ್ದು ಕಂಪ್ಯೂಟರಿಗೆ ಹಳೇ ಲೆಕ್ಕ ಏರಿಸುವುದಕ್ಕೆ. ಸಂಜೆ ಹೊತ್ತು ಸಹಕಾರ ಡಿಪ್ಲೊಮಾ ಓದಿದರು, ಕೌಂಟರಿನಲ್ಲಿ ಕೂತರು, ಸಾಲ ವಿಭಾಗ ನೋಡಿಕೊಂಡರು. ಹಳೆಯ ಸೆಕ್ರೆಟರಿ ನಿವೃತ್ತರಾದಾಗ ಅಧ್ಯಕ್ಷ ಗಂಗಾಧರಯ್ಯನವರು, ಬೇರೆ ಯಾರನ್ನೋ ಹುಡುಕುವುದೇಕೆ, ಇರುವವರೇ ಇದ್ದಾರಲ್ಲ ಎಂದು ಇವರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಗಂಗಾಧರಯ್ಯನವರು ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಾತು ಕಡಿಮೆ, ಯೋಚನೆ ಹೆಚ್ಚು, ನಡೆಯುವುದಂತೂ ತೀರಾ ನಿಧಾನ.

ಸೌಮ್ಯಶ್ರೀಯವರು ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾದದ್ದು ಸಂಘದ ವಿಚಿತ್ರ ಕಾಯಿಲೆ. ದುಡ್ಡಿಲ್ಲ ಎಂಬ ತೊಂದರೆಯಲ್ಲ, ದುಡ್ಡು ಹೆಚ್ಚಾಗಿದ್ದ ತೊಂದರೆ. ಸದಸ್ಯರೆಲ್ಲ ವಯಸ್ಸಾದವರು. ಪಿಂಚಣಿಯನ್ನೂ ಮಳಿಗೆಯ ಬಾಡಿಗೆಯನ್ನೂ ತಂದು ಠೇವಣಿ ಇಡುತ್ತಾರೆ. ಅದಕ್ಕೆ ಸಂಘ ಬಡ್ಡಿ ಕೊಡಬೇಕು. ಸಾಲ ತೆಗೆದುಕೊಳ್ಳುವವರಿದ್ದರಲ್ಲವೇ ಆ ಬಡ್ಡಿ ಹುಟ್ಟುವುದು? ಅವರ ಮಕ್ಕಳು ಮೊಮ್ಮಕ್ಕಳು ಬೈಕಿಗೋ ಮದುವೆಗೋ ದುಡ್ಡು ಬೇಕಾದರೆ ಫೋನಿನಲ್ಲಿ ಬೆರಳು ಸವರಿ ಎಲ್ಲಿಂದಲೋ ಸಾಲ ತರುತ್ತಿದ್ದರು. ಸಂಘದ ಹಣವೆಲ್ಲ ದೊಡ್ಡ ಬ್ಯಾಂಕೊಂದರಲ್ಲಿ ಕಡಿಮೆ ಬಡ್ಡಿಗೆ ಸುಮ್ಮನೆ ಮಲಗಿತ್ತು.

ಉಪಾಧ್ಯಕ್ಷ ಚನ್ನವೀರೇಶ್ ಅವರಿಗೆ ಇದಕ್ಕೆ ಮದ್ದು ಗೊತ್ತಿತ್ತು. ಅವರು ವೃತ್ತಿಯಿಂದ ಆಡಿಟರ್, ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿ ವಾಸ. ಸಣ್ಣ ಸಂಘಗಳ ಕಾಲ ಮುಗಿಯಿತು, ನಗರದ ಇನ್ನೊಂದು ದೊಡ್ಡ ಸೊಸೈಟಿ ಕರೆಯುತ್ತಿದೆ, ಅದರಲ್ಲಿ ವಿಲೀನವಾಗಿಬಿಡೋಣ ಎಂಬುದು ಅವರ ವಾದ. ಅವರೇನೂ ಕೆಟ್ಟವರಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಆದರೆ ಹಾಗಾದರೆ ಬಸವೇಶ್ವರನಗರದ ಕಚೇರಿ ಮುಚ್ಚುತ್ತದೆ, ಸಿಬ್ಬಂದಿ ಮನೆಗೆ ಹೋಗುತ್ತಾರೆ, ಮೊಣಕಾಲು ನೋವಿನ ಸದಸ್ಯರು ಊರಿನ ಆ ತುದಿಗೆ ಬಸ್ ಹತ್ತಬೇಕಾಗುತ್ತದೆ. ಸೌಮ್ಯಶ್ರೀ ಒಂದು ಅವಕಾಶ ಕೇಳಿದರು. ಮಂಡಳಿ ಕೊಟ್ಟಿತು. ಸೆಪ್ಟೆಂಬರಿನ ವಾರ್ಷಿಕ ಸಭೆಯೊಳಗೆ ಹೊಸ ದಾರಿ ಕಾಣದಿದ್ದರೆ ವಿಲೀನದ ಠರಾವು ಸದಸ್ಯರ ಮುಂದೆ ಬರುವುದು ಎಂದು ತೀರ್ಮಾನವಾಯಿತು.

ಅವರು ಕಂಡುಕೊಂಡ ದಾರಿ ಮೊಬೈಲ್ ಆ್ಯಪ್. ಹುಡುಗರು ಫೋನಿನಲ್ಲಿದ್ದಾರೆ, ಸಂಘವೂ ಫೋನಿನೊಳಗೆ ಹೋಗಬೇಕು. ಅದಕ್ಕೆ ಮುಂಗಡ ಕೊಡಲು ಹಣ ಎಲ್ಲಿಂದ? ಠೇವಣಿ ಸದಸ್ಯರದು, ಖರ್ಚಿಗೆ ಮುಟ್ಟುವ ಹಾಗಿಲ್ಲ. ಖರ್ಚಿನ ಪಟ್ಟಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಸದಸ್ಯರಿಗೆ ಕೊಡುವ ಸ್ಟೀಲ್ ಪಾತ್ರೆ.

ಇಲ್ಲಿ ಕ್ಯಾರಿಯರಿನ ಕಥೆ ಹೇಳಬೇಕು. ನಮ್ಮ ಸೊಸೈಟಿಗಳಲ್ಲಿ ವಾರ್ಷಿಕ ಸಭೆಗೆ ಬಂದವರಿಗೆ ಒಂದು ಪಾತ್ರೆ ಕೊಡುವುದು ಹಳೇ ರೂಢಿ. ಪಾತ್ರೆಯ ಮೇಲೆ ಸಂಘದ ಹೆಸರು ಕೆತ್ತಿಸಿರುತ್ತಾರೆ. ಜನ ಒಂದು ವರ್ಷ ಬಂದು ಇನ್ನೊಂದು ವರ್ಷ ಚಕ್ಕರ್ ಹೊಡೆಯುತ್ತಾರೆಂದು ಗಂಗಾಧರಯ್ಯನವರು ಒಂದು ಉಪಾಯ ಹೂಡಿದರು. ಐದು ವರ್ಷಕ್ಕೆ ಸೇರಿಸಿ ಒಂದೇ ಟಿಫನ್ ಕ್ಯಾರಿಯರ್. ವರ್ಷಕ್ಕೊಂದು ಡಬ್ಬಿಯಂತೆ ನಾಲ್ಕು ಡಬ್ಬಿ, ಕೊನೆಯ ವರ್ಷ ಅವುಗಳನ್ನೆಲ್ಲ ಒಟ್ಟಿಗೆ ಕಚ್ಚಿ ಹಿಡಿಯುವ ಚೌಕಟ್ಟು, ಮುಚ್ಚಳ, ಹಿಡಿ. ಉಪಾಯ ಫಲಿಸಿತು. ಒಂದು ಡಬ್ಬಿ ತಪ್ಪಿದರೆ ಕ್ಯಾರಿಯರ್ ಗಿಡ್ಡವಾಗುತ್ತದೆಂದು ಜ್ವರ ಬಂದವರೂ ಸಭೆಗೆ ಬರತೊಡಗಿದರು. ನಮ್ಮ ಮನೆಯಲ್ಲೂ ನಾಲ್ಕು ಡಬ್ಬಿ ಒಂದರ ಮೇಲೊಂದು ಕೂತಿದ್ದವು. ನನ್ನ ಹೆಂಡತಿ ಅವುಗಳಲ್ಲಿ ಸಾಸಿವೆಯನ್ನೂ ಹಾಕದೆ ಕಾಯುತ್ತಿದ್ದಳು.

ಸೌಮ್ಯಶ್ರೀಯವರು ಪಾತ್ರೆ ನಿಲ್ಲಿಸಿದ್ದು ಐದನೆಯ ವರ್ಷ. ಆ ಮಂಡಳಿ ಸಭೆಗೆ ಗಂಗಾಧರಯ್ಯನವರು ಬಂದಿರಲಿಲ್ಲ, ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಉಳಿದ ನಿರ್ದೇಶಕರು ತಲೆಯಾಡಿಸಿದರು. ಈ ಕಾಲದಲ್ಲಿ ಕ್ಯಾರಿಯರ್ ಯಾರಿಗೆ ಬೇಕು ಎಂದರು. ಅವರವರ ಮನೆಯ ಅಡುಗೆಮನೆಗೆ ಅವರು ಹೋದದ್ದು ಯಾವ ಕಾಲದಲ್ಲೋ.

ಸಭೆಯ ನೋಟಿಸು ನನ್ನ ಪ್ರೆಸ್ಸಿಗೆ ಬಂದಾಗ ಉಡುಗೊರೆಯ ಸಾಲು ಇರಲಿಲ್ಲ. ಬಿಟ್ಟುಹೋಗಿದೆಯೇ ಎಂದು ಫೋನಿನಲ್ಲಿ ಕೇಳಿದೆ. ಬೇಕೆಂದೇ ಬಿಟ್ಟಿದ್ದು, ಈ ಸಲ ಆ್ಯಪ್ ಎಂದರು. ಮನೆಗೆ ಹೋಗಿ ಹೇಳಿದೆ. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಹಿಡಿಯನ್ನು ನಾನೇ ಕದ್ದವನ ಹಾಗೆ.

ಸಭೆ ವಿಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ. ಮುಂಚೆ ಬಂದವರು ಬಾಗಿಲಲ್ಲೇ ಹಿಡಿಯ ವಿಚಾರ ಕೇಳಿದರು. ಇಲ್ಲವೆಂದು ಗೊತ್ತಾದ ಕೂಡಲೇ ದಾರಿಯಲ್ಲಿದ್ದವರಿಗೆ ಫೋನ್ ಮಾಡಿದರು. ಮಾಗಡಿ ರಸ್ತೆಯಲ್ಲಿ ಬರುತ್ತಿದ್ದ ಆಟೋಗಳು ಅಲ್ಲಿಂದಲೇ ತಿರುಗಿಕೊಂಡವು. ಒಳಗೆ ಬಂದಿದ್ದವರೂ ಉಪ್ಪಿಟ್ಟು ಕೇಸರಿಬಾತು ತಿಂದು ಜಾಗ ಖಾಲಿ ಮಾಡಿದರು. ಕೋರಂ ಆಗಲಿಲ್ಲ. ಆ್ಯಪ್ ವಿವರಿಸಲು ಹಾಕಿದ್ದ ಪರದೆಯ ಮುಂದೆ ಸೌಮ್ಯಶ್ರೀಯವರು ಮೈಕ್ ಹಿಡಿದು ಖಾಲಿ ಕುರ್ಚಿಗಳನ್ನು ನೋಡುತ್ತಾ ನಿಂತಿದ್ದರು. ಅವತ್ತು ನನಗೆ ಅವರನ್ನು ನೋಡಿ ನಿಜವಾಗಿ ಅಯ್ಯೋ ಪಾಪ ಅನ್ನಿಸಿತು. ಸಭೆಯನ್ನು ಮುಂದೂಡಲಾಯಿತು.

ಅಲ್ಲಿಗೆ ಮುಗಿದಿದ್ದರೆ ಅದು ಬರೀ ಮುನಿಸು. ಆದರೆ ಮುನಿಸು ಪಾರ್ಕಿನ ವಾಕಿಂಗ್ ಗುಂಪಿನ ಬಾಯಿಗೆ ಬಿತ್ತು. ಹಿಡಿ ಕೊಡುವುದಕ್ಕೇ ಅವರ ಹತ್ತಿರ ದುಡ್ಡಿಲ್ಲವಂತೆ ಎಂದು ಒಬ್ಬರು. ಇನ್ನು ನಮ್ಮ ಠೇವಣಿ ಎಲ್ಲಿಂದ ಕೊಡುತ್ತಾರೆ ಎಂದು ಇನ್ನೊಬ್ಬರು. ಅದನ್ನು ಮೂರನೆಯವರು ವಾಟ್ಸಾಪಿಗೆ ಹಾಕಿದರು. ಈ ಊರಿನಲ್ಲಿ ಸೊಸೈಟಿ ಮುಳುಗಿದ್ದನ್ನು ಕಣ್ಣಾರೆ ನೋಡಿದವರಿದ್ದಾರೆ, ಅವರಿಗೆ ಅಷ್ಟು ಸಾಕಿತ್ತು. ಮಂಗಳವಾರ ಬೆಳಗ್ಗೆ ಕಚೇರಿ ತೆರೆಯುವ ಮೊದಲೇ ಸಾಲು ಮೂಲೆಯ ಔಷಧಿ ಅಂಗಡಿ ದಾಟಿತ್ತು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದವರು ಬ್ಯಾಡರಹಳ್ಳಿಯ ಪಾಪಮ್ಮ. ಹೊಲವಿದ್ದ ಜಾಗದಲ್ಲಿ ಈಗ ಮಳಿಗೆ ಕಟ್ಟಿಸಿ ಬಾಡಿಗೆ ಎಣಿಸುವ ಗಟ್ಟಿ ಮುದುಕಿ. ಸಂಘದ ದೊಡ್ಡ ಠೇವಣಿದಾರರಲ್ಲಿ ಒಬ್ಬರು. ಮೊಮ್ಮಗಳು ಕೀರ್ತನಾ, ಯಾವುದೋ ಕಂಪನಿಯ ಲೆಕ್ಕ ವಿಭಾಗದಲ್ಲಿ ಕೆಲಸ ಮಾಡುವ ಹುಡುಗಿ, ರಜೆ ಹಾಕಿ ಅಜ್ಜಿಯನ್ನು ಕರೆತಂದಿದ್ದಳು. ಮುಂದೂಡಿದ ಸಭೆಯ ನೋಟಿಸಿಗೆಂದು ಕರೆಸಿದ್ದರಿಂದ ನಾನೂ ಹಿಂಬಾಗಿಲಿನಿಂದ ಬಂದು ಒಳಗೆ ಕೂತಿದ್ದೆ. ನನ್ನ ಎಫ್‌ಡಿಯೂ ಅಲ್ಲೇ ಇತ್ತು. ಅದರ ರಸೀದಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ, ಸುಳ್ಳೇಕೆ ಹೇಳಲಿ.

ಚನ್ನವೀರೇಶ್ ಓಡೋಡಿ ಬಂದರು. ಸರ್ವರ್ ಡೌನ್ ಎಂದು ಬೋರ್ಡು ಹಾಕಿ ಎರಡು ದಿನ ಬಾಗಿಲು ಮುಚ್ಚೋಣ, ಬಿಸಿ ಆರಲಿ, ಅಷ್ಟರಲ್ಲಿ ದೊಡ್ಡ ಸೊಸೈಟಿಯವರ ಜೊತೆ ಮಾತಾಡಿ ವಿಲೀನ ಘೋಷಿಸಿಬಿಡೋಣ ಎಂದರು. ಶಟರಿನ ಬೀಗದ ಕೈ ಸೌಮ್ಯಶ್ರೀಯವರ ಕೈಯಲ್ಲಿತ್ತು. ಅವರಿಗೆ ಆಗ ಯಾವ ಶಟರ್ ಕಣ್ಣ ಮುಂದೆ ಬಂತೆಂದು ನನಗೆ ಗೊತ್ತಿತ್ತು, ಚನ್ನವೀರೇಶ್ ಅವರಿಗೆ ಗೊತ್ತಿರಲಿಲ್ಲ.

"ಸಾರ್, ಇವತ್ತು ಬಾಗ್ಲು ಹಾಕಿದ್ರೆ ನಾಳೆ ತೆಗೆಯೋ ಕೆಲ್ಸ ಇರಲ್ಲ" ಎಂದರು. ಹೋಗಿ ಶಟರ್ ಎತ್ತಿದರು. ಪ್ಲಾಸ್ಟಿಕ್ ಸ್ಟೂಲೊಂದನ್ನು ಮೆಟ್ಟಿಲ ಮೇಲಿಟ್ಟು ಹತ್ತಿ ನಿಂತರು.

"ಎಲ್ರಿಗೂ ನಮಸ್ಕಾರ. ಹಿಡಿ ನಿಲ್ಲಿಸಿದ್ದು ನಾನೇ. ದುಡ್ಡಿಲ್ಲ ಅಂತ ಅಲ್ಲ, ನನ್ಗೆ ಬುದ್ಧಿ ಸಾಲ್ದೆ. ನಿಮ್ ದುಡ್ಡು ನಿಮ್ದು, ಕೇಳಿದವ್ರಿಗೆಲ್ಲ ಇವತ್ತೇ ಕೊಡ್ತೀನಿ. ಕೊನೇವ್ರು ಹೋಗೋವರ್ಗೂ ಬಾಗ್ಲು ಹಾಕಲ್ಲ. ಒಳಗ್ ಬನ್ನಿ, ಕೂತ್ಕೊಳಿ."

ಸಾಲು ಮೆಲ್ಲಗೆ ಒಳಗೆ ಸರಿಯತೊಡಗಿತು.

ಆಮೇಲೆ ನಡೆದದ್ದು ಬರೀ ಕೆಲಸ. ನೋಡಿ, ಸಾಲ ಕೇಳುವವರಿಲ್ಲದೆ ದೊಡ್ಡ ಬ್ಯಾಂಕಿನಲ್ಲಿ ಮಲಗಿದ್ದ ಆ ಹಣವೇ ಅವತ್ತು ಸಂಘದ ಜೀವ ಉಳಿಸಿತು. ಸೌಮ್ಯಶ್ರೀ ಬ್ಯಾಂಕಿನ ಮ್ಯಾನೇಜರಿಗೆ ಫೋನ್ ಹಚ್ಚಿ ಅದನ್ನು ಬಿಡಿಸಿದರು, ಸದಸ್ಯರ ಖಾತೆಗಳಿಗೆ ಒಂದೊಂದಾಗಿ ವರ್ಗಾಯಿಸತೊಡಗಿದರು. ಅವಧಿಗೆ ಮುಂಚೆ ತೆಗೆದರೆ ಬಡ್ಡಿ ಇಷ್ಟು ಕಡಿಮೆಯಾಗುತ್ತದೆ ಎಂದು ಪ್ರತಿಯೊಬ್ಬರಿಗೂ ಹೇಳಿದರು. ತೆಗೆಯಬೇಡಿ ಎಂದು ಯಾರನ್ನೂ ಒತ್ತಾಯಿಸಲಿಲ್ಲ. ಕೆಲವರು ತೆಗೆದುಕೊಂಡು ಹೋದರು. ದುಡ್ಡು ನಿಜವಾಗಿ ಸಿಗುತ್ತಿದೆ ಎಂದು ಕಂಡ ಮೇಲೆ ಕೆಲವರು, ಹಾಗಾದರೆ ಇಲ್ಲೇ ಇರಲಿ ಬಿಡಿ ಎಂದು ಎದ್ದರು. ಚನ್ನವೀರೇಶ್ ಅವರು ಸ್ವಲ್ಪ ಹೊತ್ತು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಒಂದು ಕೌಂಟರಿನಲ್ಲಿ ತಾವೇ ಕೂತರು. ಆ ಮನುಷ್ಯನ ಬಗ್ಗೆ ನನಗೆ ಅವತ್ತಿನಿಂದ ಗೌರವ.

ಯಾರೂ ಲೆಕ್ಕ ಹಾಕದೆ ಇದ್ದ ಸಂಗತಿ ಒಂದಿತ್ತು. ವಯಸ್ಸಾದವರು ಅಷ್ಟು ದೊಡ್ಡ ಸಾಲಿಗೆ ಒಬ್ಬೊಬ್ಬರೇ ಬಂದಿರಲಿಲ್ಲ. ಮಗನನ್ನೋ ಸೊಸೆಯನ್ನೋ ಮೊಮ್ಮಗಳನ್ನೋ ಕರೆತಂದಿದ್ದರು. ಯಾವ ಆ್ಯಪಿಗೂ ಸಿಗದೆ ಇದ್ದ ಆ ಹುಡುಗರೆಲ್ಲ ಅವತ್ತು ಸಂಘದ ಬೆಂಚಿನ ಮೇಲೆ ಬೇರೆ ದಾರಿಯಿಲ್ಲದೆ ಕೂತಿದ್ದರು. ಫೋನ್ ನೋಡಿ ಸಾಕಾಗಿ ಗೋಡೆ ನೋಡತೊಡಗಿದರು. ಗೋಡೆಯ ಮೇಲೆ ಸಾಲದ ಬಡ್ಡಿ ದರದ ಬೋರ್ಡಿತ್ತು.

ಕೀರ್ತನಾ ಅಜ್ಜಿಯ ಠೇವಣಿ ಬಿಡಿಸುವ ಚೀಟಿ ಬರೆದುಕೊಟ್ಟವಳು ಪಕ್ಕದವರದನ್ನೂ ಬರೆದುಕೊಡುತ್ತಾ ಕೂತಿದ್ದಳು. ಬೋರ್ಡನ್ನು ಎರಡು ಸಲ ಓದಿ ಎದ್ದುಬಂದು ಸೌಮ್ಯಶ್ರೀಯವರನ್ನು ಕೇಳಿದಳು. ಸ್ಕೂಟರಿಗೆಂದು ಅವಳು ಫೋನಿನಲ್ಲಿ ತೆಗೆದಿದ್ದ ಸಾಲದ ಬಡ್ಡಿ ಇದರ ಎರಡು ಪಟ್ಟಿಗೂ ಮೇಲಿತ್ತಂತೆ. ಆ ಸಾಲ ತೀರಿಸಲು ಇಲ್ಲಿ ಸಾಲ ಸಿಗುತ್ತದೆಯೇ ಎಂದಳು. ಸದಸ್ಯರಾದರೆ ಸಿಗುತ್ತದೆ, ಇಬ್ಬರು ಸದಸ್ಯರ ಜಾಮೀನು ಬೇಕು ಎಂದರು ಸೌಮ್ಯಶ್ರೀ. ಹುಡುಗಿ ಅಜ್ಜಿಯ ಕಡೆ ತಿರುಗಿದಳು.

"ಅಜ್ಜಿ, ಇದನ್ನ ಯಾಕೆ ನನ್ಗೆ ಹೇಳೇ ಇಲ್ಲ ನೀನು?"

"ನೀನ್ ಯಾವತ್ತಾದ್ರೂ ಕೇಳಿದ್ಯೇನೇ?" ಎಂದರು ಪಾಪಮ್ಮ. ಆಮೇಲೆ, ದೊಡ್ಡ ಮೊತ್ತವಾದ್ದರಿಂದ ಇನ್ನೂ ಕೌಂಟರಿನಲ್ಲೇ ಇದ್ದ ತಮ್ಮ ಚೀಟಿಯನ್ನು ವಾಪಸ್ ಕೇಳಿದರು. ಮೊಮ್ಮಗಳಿಗೆ ಜಾಮೀನು ಹಾಕುವವಳು ತನ್ನ ದುಡ್ಡು ತೆಗೆದುಕೊಂಡು ಹೋಗುವುದು ಚೆನ್ನಾಗಿರುವುದಿಲ್ಲವಂತೆ. ಚೀಟಿಯನ್ನು ಹರಿಯಲಿಲ್ಲ ಮಾತ್ರ, ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಿಡಿ ಬರಲಿ, ಆಮೇಲೆ ನೋಡೋಣ ಎಂದರು.

ಸಂಜೆ ಕೊನೆಯವರು ಹೋದ ಮೇಲೆ ಸೌಮ್ಯಶ್ರೀ ಅದೇ ಸ್ಟೂಲಿನ ಮೇಲೆ ಕುಸಿದು ಕೂತರು. ಹರಿಹರಕ್ಕೆ ಫೋನ್ ಮಾಡಿ, ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿ, "ಬಾಗ್ಲು ಹಾಕಲಿಲ್ಲ ಅಪ್ಪ" ಎಂದರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಇವರು ಮಾತ್ರ ಸೆರಗಿನಿಂದ ಕಣ್ಣೊತ್ತಿಕೊಂಡು, "ಹೂಂ, ಹೊರಗೆ ಬಂದೇ ಮಾತಾಡ್ದೆ" ಎಂದರು. ನಾನು ಪ್ರೂಫ್ ಮಡಚಿಕೊಂಡು ಹೇಳದೆ ಎದ್ದುಬಂದೆ.

ಮರುದಿನವೇ ಅವರು ಹಿಡಿ ಹುಡುಕಿಕೊಂಡು ಕಾಮಾಕ್ಷಿಪಾಳ್ಯಕ್ಕೆ ಹೋದರು. ಡಬ್ಬಿ ಮಾಡಿಕೊಟ್ಟವನ ಕಾರ್ಖಾನೆ ಅಲ್ಲೇ. ಆ ಅಳತೆಯದನ್ನು ಈಗ ಯಾರು ಮಾಡಿಕೊಡುತ್ತಾರೋ ಎಂದು ಅವರು ಹೆದರಿದ್ದರೆ, ಅವನು ಗೋಡೌನಿನ ಬಾಗಿಲು ತೆಗೆದು ಮೂಟೆಗಳನ್ನು ತೋರಿಸಿದ. ಆಮೇಲೆ ಅಳತೆ ಕೂರುವುದಿಲ್ಲವೆಂದು ಡಬ್ಬಿಗಳ ಜೊತೆಯಲ್ಲೇ ಹಿಡಿಗಳನ್ನೂ ಮಾಡಿಸಿ ಇಟ್ಟಿರಲು ಗಂಗಾಧರಯ್ಯನವರು ಅವತ್ತೇ ಹೇಳಿದ್ದರಂತೆ. ಹಣವನ್ನು ಕಂತಿನಲ್ಲಿ ತೆಗೆದುಕೊಳ್ಳಲು ಅವನೂ ಒಪ್ಪಿದ, ಜಾಗ ಖಾಲಿಯಾದರೆ ಸಾಕೆಂದು. ಸೌಮ್ಯಶ್ರೀ ಅಲ್ಲಿಂದಲೇ ಗಂಗಾಧರಯ್ಯನವರ ಮನೆಗೆ ಹೋಗಿ, ಇದನ್ನು ನನಗೇಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತರು. ನೀವು ಪಾತ್ರೆ ನಿಲ್ಲಿಸುವಾಗ ನನ್ನನ್ನು ಕೇಳಿದಿರೇನಮ್ಮ ಎಂದರಂತೆ ಅವರು, ಮಂಡಿಗೆ ಎಣ್ಣೆ ಸವರಿಕೊಳ್ಳುತ್ತಾ. ಇಬ್ಬರೂ ನಕ್ಕರಂತೆ. ಮುಂದಿನ ನೋಟಿಸಿನಲ್ಲಿ ಉಡುಗೊರೆಯ ಸಾಲನ್ನು ನಾನು ದಪ್ಪಕ್ಷರದಲ್ಲಿ ಹಾಕಿದೆ. ಅಲ್ಪವಿರಾಮ ಎಲ್ಲ ಸರಿಯಿತ್ತು.

ಮುಂದೂಡಿದ ಸಭೆಗೆ ಕುರ್ಚಿ ಸಾಲಲಿಲ್ಲ. ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ಮನೆಯಿಂದ ನಾಲ್ಕು ಡಬ್ಬಿಗಳನ್ನು ಚೀಲದಲ್ಲಿ ತಂದಿದ್ದರು. ಹಿಡಿ ಕೂರುತ್ತದೋ ಇಲ್ಲವೋ ಅಲ್ಲೇ ನೋಡಿಬಿಡುವುದಕ್ಕೆ. ಒಂದು ಸಲ ಪೆಟ್ಟು ತಿಂದ ಜನ, ಬಾಯಿಮಾತಿಗೆ ಒಪ್ಪುವವರಲ್ಲ. ಬಾಗಿಲಲ್ಲಿ ಹಿಡಿ ಹಂಚಿದ್ದೇ ತಡ, ಮಂಟಪದ ತುಂಬ ಸ್ಟೀಲಿನ ಸದ್ದು. ಹಿಂದಿನ ಸಾಲುಗಳಲ್ಲಿ ಆ ಮಂಗಳವಾರ ಬೆಂಚಿನ ಮೇಲೆ ಕೂತಿದ್ದ ಹುಡುಗರಲ್ಲಿ ಎಷ್ಟೋ ಮಂದಿ ಹೊಸ ಸದಸ್ಯರಾಗಿ ಬಂದು ಕೂತಿದ್ದರು. ಅವರ ಬಳಿ ಡಬ್ಬಿ ಇರಲಿಲ್ಲ, ಬರೀ ಹಿಡಿ ಸಿಕ್ಕಿತ್ತು. ಅದನ್ನು ಏನು ಮಾಡುವುದೆಂದು ತಿಳಿಯದೆ ತಿರುಗಿಸಿ ನೋಡುತ್ತಿದ್ದರು. ಅವರಿಗೆ ಮುಂದಿನ ವರ್ಷದಿಂದ ಡಬ್ಬಿ ಎಂದು ಸೌಮ್ಯಶ್ರೀ ಹೇಳಿದರು. ಆ್ಯಪ್ ಕೂಡ ಬರುತ್ತದೆ, ಆದರೆ ಸಂಘದ ಆದಾಯ ಏರಿದ ಮೇಲೆ ಎಂದರು.

ವಿಷಯಪಟ್ಟಿಯಲ್ಲಿ ವಿಲೀನದ ಠರಾವು ಇದ್ದೇ ಇತ್ತು. ಅದನ್ನು ತೆಗೆಯಿರಿ ಎಂದು ಸೌಮ್ಯಶ್ರೀ ಯಾರನ್ನೂ ಕೇಳಿರಲಿಲ್ಲ. ಸದಸ್ಯರು ಹೇಳಿದ್ದಾಗಲಿ ಎಂದಿದ್ದರು. ಹಿಡಿ ತಂದಿದ್ದ ಮೂಟೆಗಳ ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದರು. ಗಂಗಾಧರಯ್ಯನವರು ಕೋಲೂರಿಕೊಂಡು ಮೈಕಿನ ಬಳಿ ಬಂದು ಠರಾವನ್ನು ನಿಧಾನವಾಗಿ ಪೂರ್ತಿ ಓದಿದರು. ವಿಲೀನಕ್ಕೆ ಒಪ್ಪುವವರು ಕೈ ಎತ್ತಬೇಕು ಎಂದರು.

ಒಂದು ಕೈಯೂ ಮೇಲೇಳಲಿಲ್ಲ. ನಾನು ಕತ್ತು ತಿರುಗಿಸಿ ನೋಡಿದೆ. ಮಂಟಪದ ಜನವೆಲ್ಲ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೊಂಡಿ ಹಾಕುವುದರಲ್ಲಿ ಮುಳುಗಿದ್ದರು. ಠರಾವು ತಂದಿದ್ದ ಚನ್ನವೀರೇಶ್ ಅವರೂ ವೇದಿಕೆಯ ಮೇಲೆ, ಹೆಂಡತಿ ಕಳಿಸಿದ್ದ ಡಬ್ಬಿಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಬೆವರುತ್ತಿದ್ದರು. ಗಂಗಾಧರಯ್ಯನವರು ಎರಡನೆಯ ಸಲ ಕೇಳಿದರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ಪಾಪಮ್ಮನವರನ್ನೇ ನೋಡಿದರು. ಅವರ ಕ್ಯಾರಿಯರ್ ಎಲ್ಲರಿಗಿಂತ ಮೊದಲೇ ಸಿದ್ಧವಾಗಿತ್ತು. ಅದನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

"ನನ್ ಕೈ ಖಾಲಿ ಇಲ್ಲ ಸ್ವಾಮಿ" ಎಂದರು ಪಾಪಮ್ಮ. "ಮುಂದಿಂದು ಓದಿ."

ಗಂಗಾಧರಯ್ಯನವರು ಸೌಮ್ಯಶ್ರೀಯವರ ಕಡೆ ತಿರುಗಿ, ನಡಾವಳಿಯಲ್ಲಿ ಏನೆಂದು ಬರೆಯಬೇಕಮ್ಮ ಎಂದು ಮೈಕಿನಲ್ಲೇ ಕೇಳಿದರು. ಸೌಮ್ಯಶ್ರೀಯವರು ನಡಾವಳಿ ಪುಸ್ತಕ ತೆರೆದು ಪೆನ್ನು ತೆಗೆದರು. ಅಷ್ಟರಲ್ಲಿ ಕೀರ್ತನಾ ಹಿಂದಿನಿಂದ ಕೂಗಿ ಹೇಳಿದಳು, ನಡೆದದ್ದನ್ನೇ ಬರೆಯಿರಿ ಎಂದು. ಹಾಗೇ ಬರೆದರು. ಈ ವರ್ಷದ ವರದಿಯಲ್ಲಿ ನಾನೂ ಅದನ್ನೇ ಅಚ್ಚು ಹಾಕಿದ್ದೇನೆ: "ಸದಸ್ಯರೆಲ್ಲರ ಕೈಯಲ್ಲಿ ಕ್ಯಾರಿಯರ್ ಇದ್ದುದರಿಂದ ಯಾರೂ ಕೈ ಎತ್ತಲಿಲ್ಲ, ಠರಾವು ಬಿದ್ದುಹೋಯಿತು." ವರದಿಯ ಈ ಪುಟವನ್ನು ನನ್ನ ಹೆಂಡತಿ ಶೆಲ್ಫಿಗೆ ಹಾಸಿಲ್ಲ. ಓದಿ, ಮಡಚಿ, ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಇಟ್ಟಿದ್ದಾಳೆ.